ಹೊಟ್ಟೆಯೊಳಗಿನ ಐದು ತಲೆ

ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಮೀನು ಒಣಗಿಸುತ್ತಿದ್ದ ಹದಿನಾರು ಹೆಂಗಸರನ್ನು ಮರಳಿನ ಮೇಲಿಂದ ಎಬ್ಬಿಸಿ, ಅಲ್ಲಿ ಹೋಟೆಲು ಕಟ್ಟಿದರು.

ಎದ್ದವರಲ್ಲಿ ಮಂಜಿ ಒಬ್ಬಳು. ‘ಏಳಿ’ ಎಂದರು, ಮೀನಿನ ಚಾಪೆ ಸುತ್ತಿಕೊಂಡು ಎದ್ದಳು. ಬದಲಿಗೆ ಅದೇ ಹೋಟೆಲಿನಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಈಗ ಅವಳು ಒರೆಸುವ ಊಟದ ಹಜಾರ, ಅವಳ ಅತ್ತೆ ಲಕ್ಕಿ ನಲವತ್ತು ವರ್ಷ ಬಂಗಡೆ ಹರವಿದ ಜಾಗವೇ. ಕಿಟಕಿಯಾಚೆ ಹೊಳೆ ಕಡಲು ಸೇರುವ ಅಳಿವೆ ಕಾಣುವುದರಿಂದ ಗುರುತು ಸಿಗುತ್ತದೆ, ಅಷ್ಟೆ.

ಆ ಹಜಾರದ ಗೋಡೆಗೆಂದು ಒಂದು ಕಲ್ಲು ಬಂತು. ಹೊರದೇಶದ ಗಣಿಯಿಂದ, ಹಡಗಿನಲ್ಲಿ, ಮರದ ಪೆಟ್ಟಿಗೆಯೊಳಗೆ. ಎರಡಾಳುದ್ದದ ಬೂದು ಚಪ್ಪಡಿ. ಹದಿನೆಂಟು ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿ ಬೇಟೆಯಾಡಿಕೊಂಡಿದ್ದ ಪ್ರಾಣಿಯೊಂದರ ಎಲುಬು ಅದರಲ್ಲಿ ಕಲ್ಲಾಗಿ ಕೂತಿತ್ತು. ಹಿಂದೆ ದೊಡ್ಡವರ ಗೋಡೆಗೆ ಹುಲಿಚರ್ಮ ಬೇಕಿತ್ತು. ಈಗ ಇದು.

ಕಲ್ಲು ಕೂರಿಸಲು ಭಟ್ಕಳದಿಂದ ಹೊನ್ನ ಬಂದಿದ್ದ. ಅವನ ಮುಂದೆ ನಿಂತು ಮ್ಯಾನೇಜರ್ ಸುಜಯ, ಗೋಡೆಗೆ ಅಡ್ಡಲಾಗಿ ಒರಗಿಸಿಟ್ಟಿದ್ದ ಚಪ್ಪಡಿಯ ನಡುಭಾಗಕ್ಕೆ ಬೆರಳು ತೋರಿಸಿದ. ಸುಜಯ ಕುಮಟೆಯವನು, ಊಟದ ವಿಷಯದಲ್ಲಿ ಬಲು ಮಡಿ.

“ಇಲ್ಲಿ ಹೊಟ್ಟೆ ಹತ್ರ ಗಲೀಜು ಅದೆ ನೋಡು. ತಿಂದ ಮೀನಿನ ಎಲುಬು. ಕಲ್ಲಿನ ಜೊತೆ ಬಂದ ಕಾಗದದಲ್ಲೇ ಬರೆದಿದ್ದಾರೆ, ‘ಕೊನೆಯ ಊಟ’ ಅಂತ. ಜನ ಉಣ್ಣುವ ಜಾಗದಲ್ಲಿ ಎಂಜಲು ಎಂತಕೆ? ಮಷೀನ್ ಹಿಡಿದು ನುಣ್ಣಗೆ ತಿಕ್ಕು. ಅಲ್ಲೇ ಹೋಟೆಲಿನ ಹೆಸರಿನ ಹಿತ್ತಾಳೆ ಫಲಕ ಕೂರಿಸುವಾ.”

“ಎಂಜಲು ತೆಗೆಯುದು ನನ್ನ ಕೆಲಸ ಅಲ್ದಾ ಸಾರ್,” ಎಂದಳು ಕಸಬರಿಗೆ ಹಿಡಿದಿದ್ದ ಮಂಜಿ. “ಅವನಿಗೆ ಎಂತಕೆ ಹೇಳ್ತ್ರಿ?”

“ಒಳ್ಳೇದಾತು. ನೀರು ಹೊಯ್ಯುಕೆ ನೀನೇ ನಿಲ್ಲು. ಧೂಳು ಏಳುಕಾಗದು,” ಎಂದು ಸುಜಯ ಒಳಗೆ ಹೋದ.

ಮಂಜಿ ಬಕೆಟ್ಟಿನಿಂದ ಒಂದು ಚೊಂಬು ನೀರು ಹೊಯ್ದಳು.

ನೀರು ಇಳಿದಂತೆ ಬೂದು ಕಲ್ಲು ಕಪ್ಪಾಯಿತು, ಕಪ್ಪಿನೊಳಗಿಂದ ಎಲುಬುಗಳು ಮೇಲೆ ಬಂದವು. ಮೊದಲು ಕಣ್ಣು. ಉಣ್ಣುವ ತಟ್ಟೆಯಷ್ಟು ದೊಡ್ಡದು, ಸುತ್ತ ಎಲುಬಿನ ಎಸಳುಗಳ ಬಳೆ. ಆಮೇಲೆ ಉದ್ದ ಮೂತಿ, ಹಲ್ಲಿನ ಸಾಲು, ಹುಟ್ಟುಗೋಲಿನಂಥ ನಾಲ್ಕು ರೆಕ್ಕೆ. ಇಂಥದ್ದೊಂದು ನೀರಿನಲ್ಲಿ ತಿರುಗಿದರೆ ದೋಣಿಗೆ ದೋಣಿಯೇ ಮಗುಚೀತು. ಅವಳು ಮತ್ತೆ ತುಂಬಿದ ಚೊಂಬು ಕೈಯಲ್ಲೇ ವಾಲಿ, ನೀರು ಕಾಲ ಮೇಲೆ ಸುರಿಯುತ್ತಿದ್ದುದೂ ಅವಳಿಗೆ ತಿಳಿಯಲಿಲ್ಲ.

“ಎಂತ ಅಕ್ಕಾ,” ಹೊನ್ನ ನಕ್ಕ. “ರೇಟು ಕಟ್ಟುವವರ ಹಾಗೆ ನೋಡ್ತೆ?”

“ಇದನ್ನ ಹೊರುವ ಬುಟ್ಟಿ ಹೊನ್ನಾವರ ಪೇಟೆಲಿ ಸಿಗುದಿಲ್ಲ ತಮ್ಮಾ.”

ಇನ್ನೊಂದು ಚೊಂಬು ಹೊಟ್ಟೆಯ ಮೇಲೆ ಬಿತ್ತು. ಸುಜಯ ಗಲೀಜು ಎಂದದ್ದರಲ್ಲಿ ಬೆರಳುದ್ದದ ಮೂತಿಗಳು ಕಂಡವು. ಮಂಜಿ ಮೊಣಕಾಲೂರಿದಳು. ಒಂದೊಂದು ತಲೆಯನ್ನೂ ಮುಟ್ಟಿ, ಅದರ ಬೆನ್ನೆಲುಬಿನ ಗುಂಟ ಬೆರಳು ಎಳೆದಳು. ಐದು ಇದ್ದವು.

“ಹೊನ್ನಾ, ಮಷೀನ್ ಕೆಳಗಿಡು. ಇದು ಊಟ ಅಲ್ಲ.”

“ಕಾಗದದಲ್ಲಿ ಬರೆದಿದ್ದಾರಲ್ಲಾ.”

“ಬರೆದವ ಮೀನು ಕೊಯ್ದಿದ್ನಾ? ನಾನು ಮೂವತ್ತು ವರ್ಷ ಕೊಯ್ದಿದ್ದೆ. ನುಂಗುವ ಮೀನು ಇನ್ನೊಂದನ್ನ ತಲೆ ಕಡೆಯಿಂದಲೇ ನುಂಗುದು, ಇಲ್ಲದಿದ್ರೆ ಮುಳ್ಳು ಗಂಟ್ಲಿಗೆ ಸಿಕ್ಕುತದೆ. ಹೊಟ್ಟೆ ಸೀಳಿದ್ರೆ ಒಳಗಿನದರ ತಲೆ ಯಾವಾಗಲೂ ನುಂಗಿದ್ದರ ಬಾಲದ ಕಡೆ. ಇವುಗಳ ತಲೆ ನೋಡು, ಎಲ್ಲಾ ತಾಯಿಯ ತಲೆ ಕಡೆಗೇ ಅದೆ. ಒಂದು ಎಲುಬೂ ಕರಗಲಿಲ್ಲ.” ಅವಳ ಬೆರಳು ಪ್ರಾಣಿಯ ಸೊಂಟದ ಹತ್ತಿರ ನಿಂತಿತು. ಐದನೆಯದರ ಬಾಲ ಮತ್ತು ಅರ್ಧ ಮೈ ಹೊರಗಿತ್ತು, ತಲೆ ಇನ್ನೂ ಒಳಗೆ. “ಇದು ಹೆರುತ್ತಾ ಇತ್ತು ತಮ್ಮಾ.”

ಹೊನ್ನ ಚಪ್ಪಲಿ ಕಳಚಿ ಬದಿಗಿಟ್ಟ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಮೊಟ್ಟೆಯಿಡದೆ ಮರಿ ಹಾಕುವ ಮೋರಿ ಎಂಬ ಸಣ್ಣ ಶಾರ್ಕ್ ಈ ಕಡಲಲ್ಲೂ ಇದೆ. ಬಾಣಂತಿಯರಿಗೆ ಹಾಲು ಬರಲೆಂದು ಅದರ ಅಡಿಗೆ ಮಾಡುತ್ತಾರೆ. ಒಮ್ಮೆ ಕೊಯ್ಯುವಾಗ ಒಂದರ ಹೊಟ್ಟೆಯಲ್ಲಿ ಜೀವವಿದ್ದ ಮರಿ ಮಿಸುಕಿತು. ಅತ್ತೆ ಲಕ್ಕಿ ಕೈ ಒದ್ದೆ ಮಾಡಿಕೊಂಡು, ಅದನ್ನು ಎರಡು ಅಂಗೈಯಲ್ಲಿ ಹಿಡಿದು, ಬಿಸಿ ಮರಳಿನ ಮೇಲೆ ಅಳಿವೆಯವರೆಗೆ ಓಡಿದ್ದಳು. ಅರವತ್ತು ದಾಟಿದ ಹೆಂಗಸು. “ಹುಟ್ಟುವ ದಾರಿಲಿ ಇದ್ದದ್ದನ್ನ ಚಾಪೆ ಮೇಲೆ ಹಾಕುಕಾಗದು,” ಎಂದಿದ್ದಳು ಏದುಸಿರಿನಲ್ಲಿ. ಓಡಿದ್ದು ಇದೇ ನೆಲದ ಮೇಲೆ, ಟೈಲ್ಸಿನ ಕೆಳಗಿನ ಮರಳಿನ ಮೇಲೆ.

ಸುಜಯ ಮರಳಿ ಬಂದ. “ಇನ್ನೂ ಸುರು ಮಾಡಲಿಲ್ಲವಾ?”

ಮಂಜಿ ಹೇಳಿದಳು. ಅವನು ಪೂರ್ತಿ ಕೇಳಲಿಲ್ಲ.

“ಎಂಜಲೋ ಮರಿಯೋ, ಕಲ್ಲು ಕಲ್ಲೇ. ಸತ್ತು ಹದಿನೆಂಟು ಕೋಟಿ ವರ್ಷ ಆತು ಮಾರಾಯ್ತಿ!”

“ಹೌದು ಸಾರ್. ಅಷ್ಟು ವರ್ಷ ಅದನ್ನ ಮುಚ್ಚಿದ ಕಡಲ ಕೆಸರು ಒಂದು ಮರಿಯನ್ನೂ ಕಳೀಲಿಲ್ಲ. ನಮ್ಮ ಕೈಲಿ ಒಂದು ಮಧ್ಯಾಹ್ನ ಇಟ್ಕಳುಕೆ ಆಗುದಿಲ್ಲ.”

“ಹೊನ್ನ, ಚಾಲೂ ಮಾಡು.”

ಹೊನ್ನ ಮಷೀನನ್ನು ನೋಡಿದ, ಮಂಜಿಯನ್ನು ನೋಡಿದ. “ನೀರು ಹೊಯ್ಯದೆ ತಿಕ್ಕಿದ್ರೆ ಕಲ್ಲು ಸಿಡೀತದೆ ಸಾರ್. ಆಮೇಲೆ ನನ್ನ ಕೇಳುಕಾಗದು.”

“ಮಂಜಿ, ನೀರು ಹೊಯ್ಯಿ.”

ಮಂಜಿ ಬಕೆಟ್ಟನ್ನು ಬೆನ್ನ ಹಿಂದೆ ಸರಿಸಿದಳು. ಚಪ್ಪಡಿಯ ಹೊಟ್ಟೆಗೆ ಬೆನ್ನು ಕೊಟ್ಟು, ಒಣಮೀನು ಕಾಯುವಾಗ ಕೂರುತ್ತಿದ್ದಂತೆಯೇ ಕಾಲು ಚಾಚಿ ನೆಲದ ಮೇಲೆ ಕೂತಳು. ಒದ್ದೆ ಕಲ್ಲಿನ ತಂಪು ಸೀರೆ ದಾಟಿ ಬೆನ್ನಿಗೆ ತಾಗಿತು.

“ನಿಂಗೆ ಈ ಕೆಲಸ ಬೇಕಾ ಬೇಡವಾ?” ಸುಜಯನ ದನಿ ಏರಿತು. “ಬೇಕಾದ್ರೆ ಈಗಲೇ ಏಳು.”

ಕಿಟಕಿಯಾಚೆ ಅಳಿವೆಯಲ್ಲಿ ಏರುನೀರು ಬರುತ್ತಿತ್ತು.

“ಹೋದ ಸಲ ಇದೇ ಜಾಗದಲ್ಲಿ ‘ಏಳು’ ಅಂದಾಗ ಎದ್ದಿದ್ದೆ ಸಾರ್,” ಎಂದಳು ಮಂಜಿ. “ಈ ಸಲ ಏಳುದಿಲ್ಲ.”