ಕನ್ನಡಕದವನ ಸಾಕ್ಷಿ

ದೇವರ ವಿಷಯ ಹೇಳಲು ಹೊರಟಿದ್ದೇನೆ. ಅದಕ್ಕೆ ಬೇಕಾದ ಓದು ನನಗಿಲ್ಲ. ಬಲ್ಲವರು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಆದರೂ ನಮ್ಮ ಬೀದಿಯ ಕನ್ನಡಕದಂಗಡಿಯವನ ಕಥೆ ಹೇಳದೆ ಇದ್ದರೆ ನನಗೆ ಸಮಾಧಾನವಿಲ್ಲ.

ಅವನು ಹೋಗುವ ಚರ್ಚಿನಲ್ಲಿ ಪಾಸ್ಟರು ಹೊಸ ಪದ್ಧತಿಯೊಂದನ್ನು ತಂದಿದ್ದರು. ಪ್ರತಿ ಭಾನುವಾರ ಒಬ್ಬರು ಎದ್ದು ನಿಂತು ಸಾಕ್ಷಿ ಹೇಳಬೇಕು. ದೊಡ್ಡ ಅದ್ಭುತವೇನೂ ಬೇಡ, ಆ ವಾರದ ಬದುಕಿನಲ್ಲಿ ದೇವರನ್ನು ಎಲ್ಲಿ ಕಂಡಿರಿ ಎಂದಷ್ಟೇ ಹೇಳಿದರೆ ಸಾಕು. ಮೊದಲ ವಾರ ಪ್ಲಂಬರ್ ಎದ್ದು, ಕಳೆದುಹೋಗಿದ್ದ ಸ್ಪ್ಯಾನರ್ ಪ್ರಾರ್ಥನೆ ಮಾಡಿದ ಮೇಲೆ ಸಿಂಕಿನ ಕೆಳಗೇ ಸಿಕ್ಕಿದ್ದನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ ಹಿಂದಿನ ಬೆಂಚಿನವರೂ ಕಣ್ಣೊರೆಸಿಕೊಂಡರು. ಮುಂದಿನ ಸರದಿ ಕನ್ನಡಕದವನದು.

ಅವನಿಗೆ ಊಟ ಸೇರಲಿಲ್ಲ. ಗಾಜು ಉಜ್ಜುವಾಗ ದೇವರನ್ನು ಹುಡುಕಿದ, ಗಿರಾಕಿಯ ಕಿವಿಗೆ ಹೊಂದುವಂತೆ ಕನ್ನಡಕದ ಕಡ್ಡಿ ಬಗ್ಗಿಸುವಾಗ ಹುಡುಕಿದ. ಕಂಡದ್ದು ಗಿರಾಕಿಯ ಕಿವಿ ಮಾತ್ರ. ಕುಕ್ಕರ್ ಸಿಡಿದರೂ ಯಾರಿಗೂ ಏನೂ ಆಗದ ಸಂಗತಿ ಹೇಳಿ ಎಂದು ಹೆಂಡತಿ ಸೂಚಿಸಿದಳು. ಅದು ಸಿಡಿದದ್ದು ಅವಳ ತವರಿನಲ್ಲಿ, ಅದೂ ಮದುವೆಗೆ ಮುಂಚೆ. ಹೋಗಿ ಹೋಗಿ ದೇವರ ಮುಂದೆಯೇ ಸುಳ್ಳೇ? ಇಷ್ಟು ವರ್ಷ ಬೆಂಚು ಸವೆಸಿದ್ದೇ ಬಂತು, ತನಗೆ ನಿಜವಾದ ನಂಬಿಕೆಯೇ ಇಲ್ಲವೇನೋ ಎಂಬ ಅನುಮಾನ ಅವನನ್ನು ಒಳಗೊಳಗೇ ಕೊರೆಯಿತು.

ಈ ಸಂಕಟವನ್ನು ಅವನ ಅತ್ತೆ ಪಕ್ಕದ ಮನೆಯವಳ ಕಿವಿಗೆ ಹಾಕಿದರು: ಅಳಿಯಂದಿರು ಸಾಕ್ಷಿ ಹೇಳೋದಿದೆ, ಪಾಪ, ನಿದ್ದೆಯೇ ಇಲ್ಲ. ಪಕ್ಕದ ಮನೆಯವರು ಚರ್ಚಿಗೆ ಹೋಗುವವರಲ್ಲ. ಅವರಿಗೆ ಗೊತ್ತಿದ್ದ ಸಾಕ್ಷಿ ಕೋರ್ಟಿನದು ಮಾತ್ರ.

ಶನಿವಾರ ಸಂಜೆ ಆ ಮನೆಯ ಯಜಮಾನ, ಬ್ರೆಡ್ ವ್ಯಾನಿನ ಡ್ರೈವರ್, ಅಂಗಡಿಯೊಳಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದ.

"ಅಣ್ಣಾ, ನೋಡಿದ್ದನ್ನ ಹೇಳಬೇಡಿ," ಎಂದ.

"ನಾನೇನೂ ನೋಡೇ ಇಲ್ಲಪ್ಪ. ನನ್ನ ಕಷ್ಟವೇ ಅದು."

"ಮತ್ತೆ ಹಾಗಂತಲೇ ಹೇಳಿಬಿಡಿ."

"ಅಷ್ಟು ಜನರ ಎದುರು ಏನೂ ಕಾಣಲಿಲ್ಲ ಅನ್ನೋದು ಹೇಗೆ?"

"ಕತ್ತಲಿತ್ತು ಅನ್ನಿ."

ಕನ್ನಡಕದವನು ಯೋಚಿಸಿದ. ಆತ್ಮಿಕವಾಗಿ ನೋಡಿದರೆ ಅದು ಸುಳ್ಳಲ್ಲ. "ಪಾಸ್ಟರು ಒಪ್ಪಲ್ಲ," ಎಂದ.

"ಪಾಸ್ಟರಿಗೂ ಗೊತ್ತಾ?" ಡ್ರೈವರ್ ಬಿಳುಚಿಕೊಂಡ.

ಆಮೇಲೆ ಎಲ್ಲ ಹೊರಬಿತ್ತು. ಮೂಲೆಮನೆ ಟೀಚರಮ್ಮನ ಗೇಟಿಗೆ ವ್ಯಾನ್ ಗುದ್ದಿಸಿ ಮುರಿದವನು ಅವನೇ. ಟೀಚರಮ್ಮ ಅದು ಕಸದ ಲಾರಿಯವನ ಕೆಲಸವೆಂದು ನಂಬಿ, ಆ ಮನುಷ್ಯ ಬಂದಾಗಲೆಲ್ಲ ಅವನ ಜನ್ಮ ಜಾಲಾಡುತ್ತಿದ್ದರು. ತನಗೆ ಸಲ್ಲಬೇಕಾದ ಬೈಗುಳವನ್ನು ಕಿಟಕಿಯ ಹಿಂದೆ ನಿಂತು ಕೇಳಿ ಕೇಳಿ ಸಾಕಾಯಿತು ಎಂದು ಡ್ರೈವರ್ ಕಣ್ಣೀರು ಹಾಕಿದ.

ಕನ್ನಡಕದವನು ಸಾಕ್ಷಿಯೆಂದರೇನೆಂದು ಬಿಡಿಸಿ ಹೇಳಿದ.

"ಹಾಗಾದ್ರೆ ಕೋರ್ಟು ಇಲ್ವಾ?"

"ಇಲ್ಲ."

"ನಿಮ್ಮತ್ತೆಗೆ ದೊಡ್ಡ ನಮಸ್ಕಾರ," ಎಂದು ಡ್ರೈವರ್ ಎದ್ದ. ಇಬ್ಬರೂ ನಕ್ಕರು. ಬಾಗಿಲವರೆಗೆ ಹೋದವನು ತಿರುಗಿ ಬಂದ. "ಟೀಚರಮ್ಮನಿಗೆ ನಾನೇ ಹೇಳ್ಕೋತೀನಿ. ಆದ್ರೆ ನೀವು ನಾಳೆ ಚರ್ಚಲ್ಲಿ ಇದನ್ನ ಎತ್ತಬಾರದು. ಆಣೆ ಮಾಡಿ."

ಆಣೆ ಇಡಬಾರದೆಂದು ಬೈಬಲಿನಲ್ಲೇ ಇದೆ ಎಂದು ಕನ್ನಡಕದವನು ಬರೀ ಮಾತು ಕೊಟ್ಟ.

ಅಂಗಡಿಯ ಮೆಟ್ಟಿಲಿನಿಂದ ಅವನು ನೋಡಿದ. ಡ್ರೈವರ್ ಆ ಮುರುಕು ಗೇಟಿನ ಮುಂದೆ ನಿಂತ. ಕೈಯೆತ್ತಿದ, ಇಳಿಸಿದ, ಅಂಗಿ ಸರಿಮಾಡಿಕೊಂಡ, ಕೊನೆಗೆ ತಟ್ಟಿದ. ಬಲವಂತ ಮಾಡುವವರು ಯಾರೂ ಇರಲಿಲ್ಲ. ಕೋರ್ಟಿನ ಭಯ ಬಿಟ್ಟ ಮೇಲೂ ತಾನಾಗಿ ಹೋಗಿದ್ದ. ವಾರವೆಲ್ಲ ಹುಡುಕಿದ್ದು ಇದನ್ನೇ ಎಂದು ಕನ್ನಡಕದವನಿಗೆ ಅನ್ನಿಸಿತು. ಮರುಕ್ಷಣ ಕೊಟ್ಟ ಮಾತು ನೆನಪಾಯಿತು: ಜನ್ಮಕ್ಕೊಮ್ಮೆ ಕಂಡೆ, ಬಾಯಿಗೆ ಬೀಗ ಹಾಕಿಕೊಂಡೆ.

ಭಾನುವಾರ ಅವನು ಎದ್ದು ನಿಂತ. "ಈ ವಾರ ಕಂಡೆ. ಹೇಳೋ ಹಾಗಿಲ್ಲ," ಎಂದು ಕೂತುಬಿಟ್ಟ.

ಮುಂದಿನ ಬೆಂಚಿನ ಅಜ್ಜಿ ಮೆಲ್ಲಗೆ ಆಮೆನ್ ಎಂದರು. ಪಾಸ್ಟರು ಕಣ್ಣು ಮುಚ್ಚಿ ಬಹಳ ಹೊತ್ತು ತೆರೆಯಲಿಲ್ಲ. ಇಂಥ ಆಳವಾದ ಸಾಕ್ಷಿ ಈವರೆಗೆ ಕೇಳಿಲ್ಲವೆಂದು ಜನ ಮಾತಾಡಿಕೊಂಡರು. ಅಂಥದ್ದೇನು ಕಂಡೆ, ನನಗೊಬ್ಬನಿಗಾದರೂ ಹೇಳು ಎಂದು ಪ್ಲಂಬರ್ ಮನೆಯವರೆಗೂ ಬೆನ್ನುಬಿದ್ದ. ಕನ್ನಡಕದವನು ತುಟಿ ಬಿಚ್ಚಲಿಲ್ಲ.

ನನಗೆ ಇದನ್ನು ಹೇಳಿದ್ದು ಡ್ರೈವರೇ; ಕನ್ನಡಕದವನು ತನ್ನ ಪಾಡನ್ನೆಲ್ಲ ಆಮೇಲೆ ಅವನೊಬ್ಬನಿಗೆ ಹೇಳಿದ್ದನಂತೆ. ಡ್ರೈವರನ್ನು ಆ ಗೇಟಿನವರೆಗೆ ನಡೆಸಿದ್ದು ದೇವರೋ, ಅತ್ತೆಯ ಬಾಯೋ, ಎರಡೂ ಒಂದೇಯೋ, ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.