ಉದ್ಯಾನದ ಕೂಗುಕೋಲು

ನಾನು ನೆಲದೊಳಗಿನ ಲೋಹವನ್ನು ಹುಡುಕಿ ಕೂಗುವ ಯಂತ್ರ. ಊರವರ ಬಾಯಲ್ಲಿ ಕೂಗುಕೋಲು. ಒಂದು ಹಳೆಯ ಕೋಟೆಯೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ದಸ್ತಗೀರ ತಾಮ್ರದ ತಂತಿಯನ್ನು ಊಟದ ತಟ್ಟೆಯಗಲಕ್ಕೆ ಸುತ್ತಿ, ಬಿದಿರಿನ ಕೋಲಿಗೆ ಕಟ್ಟಿ ನನಗೆ ಜೀವ ಕೊಟ್ಟ. ಕಬ್ಬಿಣಕ್ಕೆ ಗೊರಗೊರ ದನಿ, ತಾಮ್ರ, ಬೆಳ್ಳಿ, ಬಂಗಾರಕ್ಕೆ ಇಂಪಾದ ದನಿ. ನನಗೆ ಬರುವ ಮಾತು ಇಷ್ಟೇ.

ಮೊದಲು ನಾನು ನಳದ ಕೆಲಸದ ಹನಮಂತನ ಕೈಯಲ್ಲಿದ್ದೆ. ಮಣ್ಣಲ್ಲಿ ಹುಗಿದ ಕಬ್ಬಿಣದ ಪೈಪು ಎಲ್ಲಿದೆ ಎಂದು ತೋರಿಸುವುದು ನನ್ನ ಕಾಯಕ. ಪ್ಲಾಸ್ಟಿಕ್ ಪೈಪು ಬಂದ ಮೇಲೆ ನನ್ನನ್ನು ಯಾರು ಕೇಳುತ್ತಾರೆ? ಹನಮಂತ ನನ್ನನ್ನು ರಾಚಪ್ಪ ಮಾಸ್ತರರಿಗೆ ಮಾರಿದ.

ಮಾಸ್ತರರು ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ಹಳೆಯ ನಾಣ್ಯವೆಂದರೆ ಹುಚ್ಚು. ದಿನಾ ಬೆಳಗ್ಗೆ ಹೆಂಡತಿ ಕಾಶಮ್ಮನನ್ನೂ ನನ್ನನ್ನೂ ಕರೆದುಕೊಂಡು ಉದ್ಯಾನಕ್ಕೆ ಬರುತ್ತಿದ್ದರು. ನಾನೋ ಸೋಡಾ ಬಾಟಲಿಯ ಬಿರಡೆಗೂ ಕೂಗಿದೆ, ತುಕ್ಕು ಮೊಳೆಗೂ ಕೂಗಿದೆ. ಮಾಸ್ತರರಿಗೆ ರೇಗಿ, ನನ್ನನ್ನು ದಸ್ತಗೀರನ ಅಂಗಡಿಗೆ ಒಯ್ದರು.

“ಕಬ್ಬಿಣಕ್ಕ ಇದು ಒದರಬಾರದು ನೋಡಪಾ.”

“ಒಂದು ಗುಂಡಿ ಹಾಕಿ ಕೊಡ್ತೀನ್ರಿ ಸರ. ಆದ್ರ ಆಮ್ಯಾಲ ಕೆಳಗ ಎಷ್ಟು ಕಬ್ಬಿಣ ಇದ್ರೂ ಸುಮ್ನಿರ್ತದ. ಸುಮ್ನದ ಅಂದ್ರ ಏನೂ ಇಲ್ಲ ಅಂತಲ್ಲ, ನೆಪ್ಪಿಟ್ಕೋರಿ.”

ಮಾಸ್ತರರು ನಕ್ಕು ಗುಂಡಿ ಹಾಕಿಸಿಕೊಂಡರು. ಅಂದಿನಿಂದ ಕಬ್ಬಿಣಕ್ಕೆ ನನ್ನ ಬಾಯಿ ಬಂದಾಯಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನಮ್ಮ ಮಾಸ್ತರರಲ್ಲಿ ಓದೇ ಮುಕ್ಕಾಲಿತ್ತು.

ಉದ್ಯಾನದ ಮೂಲೆಯ ಹುಲ್ಲಿನಲ್ಲಿ ನಾಣ್ಯ ಸಿಗತೊಡಗಿದವು. ಕಾಶಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೋಗಿ ಬೈಸಿಕೊಂಡಳು. ಮಾಸ್ತರರು ಸಿಕ್ಕ ಜಾಗಗಳನ್ನು ಹಾಳೆಯ ಮೇಲೆ ಚುಕ್ಕೆ ಇಟ್ಟು ಗುರುತಿಸಿದರೆ, ಚುಕ್ಕೆಗಳೆಲ್ಲ ಸೇರಿ ದುಂಡನೆಯ ಬಳೆಯಾಯಿತು. ಇಲ್ಲೊಂದು ಸಂತೆಕಟ್ಟೆ ಇದ್ದಿರಬೇಕು ಎಂದು ಅವರು ಹಿಗ್ಗಿದರು.

ಅಲ್ಲಿ ಇದ್ದದ್ದು ಬಾವಿ. ಹಿಂದಿನವರು ಹರಕೆ ಹೊತ್ತು ಅದರೊಳಗೆ ನಾಣ್ಯ ಎಸೆಯುತ್ತಿದ್ದರು. ಹೂಳೆತ್ತಿದಾಗ ಆ ಹೂಳನ್ನು ಬಾವಿಯ ಸುತ್ತಲೇ ಚೆಲ್ಲುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಯಾರೋ ಅದರ ಬಾಯಿಗೆ ಕಬ್ಬಿಣದ ಹಳಿ ಅಡ್ಡ ಹಾಕಿ, ತಗಡು ಹೊದಿಸಿ, ಮಣ್ಣು ಹಾಕಿ ಹುಲ್ಲು ಬೆಳೆಸಿದ್ದರು. ಹಳಿಗಳು ತುಕ್ಕು ತಿಂದು ತೆಳ್ಳಗಾಗಿದ್ದವು. ಮಾಸ್ತರರು ನನ್ನನ್ನು ಅವುಗಳ ಮೇಲೆ ಆಡಿಸಿದಾಗಲೆಲ್ಲ ಕೆಳಗಿನ ಕಬ್ಬಿಣ ನನಗೆ ಗೊತ್ತಾಗುತ್ತಿತ್ತು. ಹೇಳಲು ಮಾತ್ರ ದನಿಯಿರಲಿಲ್ಲ.

ಕಾಶಮ್ಮನಿಗೆ ಮೊಣಕಾಲು ನೋವು. ಮಡಚುವ ಕುರ್ಚಿ ಹಾಕಿಕೊಂಡು ಅವಳು ಕೂರುತ್ತಿದ್ದುದು ಆ ಬಳೆಯ ನಟ್ಟನಡುವೆ.

“ಇಲ್ಲಿ ನೀರು ಹಾಕಿದ್ರ ನಿಲ್ಲೂದೇ ಇಲ್ಲಲ್ರೀ, ಎಲ್ಲಿ ಹೋಗ್ತಾವ?” ಎಂದಳೊಮ್ಮೆ. “ಕಾಲಬುಡದಾಗ ತಣ್ಣನ ಗಾಳಿ ಬೇರೆ ಬರ್ತದ.”

ಮಾಸ್ತರರು ನನ್ನನ್ನು ಅವಳ ಕುರ್ಚಿಯ ಸುತ್ತ ಆಡಿಸಿದರು. ನಾನು ಸುಮ್ಮನಿದ್ದೆ.

“ನಡುವ ಏನೂ ಇಲ್ಲ. ನೀ ಅಲ್ಲೇ ಕುಂಡ್ರು. ಅಲ್ಲಿ ನಾ ಅಗಿಯೂದಿಲ್ಲ, ನಿನಗ ಧೂಳ ಬರೂದಿಲ್ಲ.”

ಎಷ್ಟು ಅಕ್ಕರೆಯಿಂದ ಹೇಳಿದ್ದರು! ಅದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಶ್ರಾವಣದಲ್ಲಿ ನಾಲ್ಕು ದಿನ ಜಡಿಮಳೆ ಸುರಿದು ನಿಂತಿತ್ತು. ಐದನೆಯ ಬೆಳಗ್ಗೆ ಕಾಶಮ್ಮ ಅವಲಕ್ಕಿ ಡಬ್ಬಿ ಬಿಚ್ಚಿ, “ರೀ, ಬರ್ರೀ” ಎಂದಳು. ಮಾಸ್ತರರು ತಿರುಗಿ ನೋಡುವಷ್ಟರಲ್ಲಿ ನೆಲ ದಡಾರನೆ ಕುಸಿಯಿತು. ಕುರ್ಚಿ, ಡಬ್ಬಿ, ಕಾಶಮ್ಮ, ಯಾವುದೂ ಅಲ್ಲಿರಲಿಲ್ಲ.

ಅಗ್ನಿಶಾಮಕದವರು ಸಂಜೆಯವರೆಗೂ ಮಣ್ಣೆತ್ತಿದರು. ಕೆಳಗೆ ಬರೀ ಕೆಸರು, ಮುರಿದ ಹಳಿಗಳು. ಅವರಲ್ಲೊಬ್ಬ ನನ್ನನ್ನು ನೋಡಿ ಮೆಲ್ಲಗೆ ಕೇಳಿದ: “ಅಮ್ಮಾರ ಮೈಮ್ಯಾಲ ಬಂಗಾರ ಇತ್ತೇನ್ರಿ?”

“ತಾಳಿ… ಬೋರಮಾಳ ಸರ…” ಎಂದರು ಮಾಸ್ತರರು.

ಅವನು ನನ್ನನ್ನು ಹಿಡಿದು ಹಗ್ಗದಲ್ಲಿ ಇಳಿದ. ಕೆಸರಿನ ಮೇಲೆ ಒಂದು ಸುತ್ತು ಆಡಿಸಿದ, ಎರಡು ಸುತ್ತು ಆಡಿಸಿದ. ಮೂರನೆಯ ಸುತ್ತಿಗೆ ನಾನು ಕೂಗಿದೆ. ಬಂಗಾರಕ್ಕೆ ನನ್ನಲ್ಲಿ ಇರುವುದು ಇಂಪಾದ ದನಿ ಒಂದೇ, ಅದರಲ್ಲೇ ಕೂಗಬೇಕಾಯಿತು.

ಈಗ ನಾನು ಮಾಸ್ತರರ ಮನೆಯ ಬಾಗಿಲ ಹಿಂದೆ, ಬ್ಯಾಟರಿ ಇಲ್ಲದೆ ನಿಂತಿದ್ದೇನೆ. ಮುದಿತನಕ್ಕೆ ಇಷ್ಟು ಜಾಗ ಸಾಕು. ಆದರೆ ಆ ಸಂಜೆ ಬಾವಿಯ ತಳದಿಂದ ನಾನು ಮೇಲೆ ನೋಡಿದ್ದೆ. ಅಂಚಿನಲ್ಲಿ ಬಗ್ಗಿ ನಿಂತಿದ್ದ ಮಾಸ್ತರರ ಮುಖ, ನನ್ನ ದನಿ ಕಿವಿಗೆ ಬಿದ್ದೊಡನೆ, ದಿನದ ರೂಢಿಯಂತೆ ಅರೆಗಳಿಗೆ ಅರಳಿತ್ತು. ಆ ಅರೆಗಳಿಗೆಗಾಗಿ ಅವರು ಇನ್ನೂ ತಮ್ಮನ್ನು ತಾವು ಕ್ಷಮಿಸಿಕೊಂಡಿಲ್ಲ.