ಭಂಡಾರ ಎತ್ತಿ ಹೇಳ್ರಿ, ಭಾವಾರ

ತ್ರಿವೇಣಿ ಪುಸ್ತಕ ನೆಲಕ್ಕೆ ಒಗೆದ ಸಪ್ಪಳಕ್ಕೆ, ರೊಟ್ಟಿ ಬಡಿಯುತ್ತಿದ್ದ ಸುಮಂಗಲಾ ಹೊರಳಿ ನೋಡಿದಳು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಹುಡುಗಿ ಇವಳು. ಇವತ್ತು ಏನಾಯಿತು?

"ಅವ್ವಾ, ಒಂದು ವಾರ ಕೂತು ನೋಡೀನಿ, ಧರ್ಮರಾಜ ದೊಡ್ಡಪ್ಪನ ಕೋಚಿಂಗ್ ಕ್ಲಾಸಿಗಿ ನಾ ಸೇರಂಗಿಲ್ಲ. ಇದು ಸತ್ತ ಪುಸ್ತಕ. ಸಾಲಿಡ್ ಸ್ಟೇಟ್ ಅದ, ಪಾಲಿಮರ್ ಅದ. ಜೆಇಇ ಮೇನ್‌ನಾಗಿಂದ ಅವನ್ನ ಯಾವಾಗೋ ತೆಗೆದಾರ. ಹೊಸ ಪೇಪರ್ ಒಂದೂ ಇಲ್ಲ. ಮ್ಯಾಲಿನ ರಟ್ಟು ಅಷ್ಟೇ ಈ ವರ್ಷದ್ದು."

"ಅವರಿಗೇ ಕೇಳಬೇಕಿತ್ತಲ್ಲ?"

"ಕೇಳಿದೆ. ‘ಜಾಸ್ತಿ ಓದಿದ್ರ ಹೊಟ್ಟಿ ನೋಯ್ತದೇನು ತಂಗಿ’ ಅಂದ್ರು. ಕ್ಲಾಸಿನ ಮಂದೆಲ್ಲಾ ನಕ್ಕರು."

ಸುಮಂಗಲಾಳ ಮೈಯೆಲ್ಲ ಉರಿದುಹೋಯಿತು. ನಗುತ್ತಾರಂತೆ! ತನ್ನ ಮಗಳಿಗೆ ಇರುವುದು ಇದೊಂದೇ ವರ್ಷ. ಹನ್ನೆರಡನೆಯದರ ಜೊತೆಗೇ ಎಂಜಿನಿಯರಿಂಗ್ ಸೀಟು ಹಿಡಿದರೆ ಹಿಡಿದಳು, ಇಲ್ಲದಿದ್ದರೆ ಅವ್ವನ ಹಾಗೆ ಈ ಮರಾಠಿ ಶಹರದ ಭೋಸರಿಯ ಕಾರ್ಖಾನೆಯಲ್ಲಿ ಡಬ್ಬಿ ತುಂಬುವುದು. ಇನ್ನೊಂದು ವರ್ಷ ಕೂಡಿಸಿ ಓದಿಸುವುದು ತನ್ನಿಂದಾಗದು ಎಂದು ಗಂಡ ಮನೋಹರ ಹೇಳಿಬಿಟ್ಟಿದ್ದ. ವಾಕಡದ ಕಟ್ಟಡಗಳಲ್ಲಿ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡಿಸುವ ಗಂಡಸು ಅವನು. ಬಾಯಿಂದ ಮಾತು ಬಿದ್ದರೆ ಸ್ಲ್ಯಾಬು ಹಾಕಿದ ಹಾಗೆ, ಆಮೇಲೆ ಅಲುಗಾಡುವುದಿಲ್ಲ.

"ಡಾಂಗೆ ಚೌಕದ ಕ್ಲಾಸಿನಾಗೂ ಕೂತು ನೋಡೀದಿ, ಅಲ್ಲಿ ಹ್ಯಾಂಗಿತ್ತು?"

"ಅಲ್ಲಿ ಮೊನ್ನಿ ಏಪ್ರಿಲ್ ಪೇಪರ್ ಸೈತ ಬಿಡಿಸಿ ಅಚ್ಚು ಹಾಕ್ಸ್ಯಾರ. ತೆಗೆದ ಪಾಠ ಒಂದೂ ಇಲ್ಲ."

"ಋಷಿ ಏನಂತಾನ? ಅವನೂ ಇದೇ ಪುಸ್ತಕ ಓದ್ತಾನಲ್ಲ?"

ಋಷಿಕೇಶ ಧರ್ಮರಾಜನ ಮಗ, ತ್ರಿವೇಣಿಯ ವಾರಿಗೆಯವನು.

"ಅವ ಕ್ಲಾಸಿನಾಗ ಒಮ್ಮಿನೂ ಕಾಣಲಿಲ್ಲವ್ವ. ಮನ್ಯಾಗ ಓದ್ತಾನಂತ."

ಸುಮಂಗಲಾಳ ಕೈ ರೊಟ್ಟಿಯ ಮೇಲೆ ನಿಂತಿತು.

ಬೇರೆ ಕ್ಲಾಸಿಗೆ ಹಾಕುವುದು ಅಷ್ಟು ಸಲೀಸಾಗಿದ್ದರೆ ಯಾರಿಗೆ ಬೇಕಿತ್ತು ಈ ಸಂಕಟ? ಧರ್ಮರಾಜ ಜಾಹೀರಾತು ಕೊಡುವ ಪೈಕಿಯವನಲ್ಲ. ಅವನ ವ್ಯಾಪಾರವೇ ಬೇರೆ. ಸೋಮವತಿ ಅಮಾವಾಸ್ಯೆ ಬಂತೆಂದರೆ ಜೇಜುರಿಯ ಖಂಡೋಬಾನ ಗುಡ್ಡಕ್ಕೆ ಹೋಗಿ ನಿಲ್ಲುತ್ತಾನೆ. ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರೆಲ್ಲ ಖಂಡೋಬಾನನ್ನು ನಮ್ಮ ಮಲ್ಲಯ್ಯ ಎಂದು ನಡೆದುಕೊಳ್ಳುವವರು, ಅವತ್ತು ಗುಡ್ಡ ಹತ್ತುತ್ತಾರೆ. ದೇವರ ಅರಿಶಿನ, ಭಂಡಾರ ಅನ್ನುತ್ತಾರಲ್ಲ, ಅದು ಹಾರಿ ಗುಡ್ಡವೆಲ್ಲ ಹಳದಿಯಾದ ಹೊತ್ತಿನಲ್ಲಿ, ಮಂದಿಯ ಎದೆ ಮೆತ್ತಗಾದ ಹೊತ್ತಿನಲ್ಲಿ, ಈ ಪುಣ್ಯಾತ್ಮ ಮೆಟ್ಟಿಲ ಮೇಲೆ ಕೈ ಹಿಡಿಯುತ್ತಾನೆ: "ನಮ್ಮ ಮಂದಿ ಮಕ್ಕಳು ನಮ್ಮ ಕ್ಲಾಸಿಗೇ ಬರಬೇಕು. ಎತ್ತು ಭಂಡಾರ." ಮನೋಹರ ಎತ್ತಿದ್ದ. ಧರ್ಮರಾಜ ಕಾಕಾನ ಮಗ, ಮೇಲಾಗಿ ಹಿರಿಯ, ಹೇಗೆ ಇಲ್ಲವೆಂದಾನು? ಭಂಡಾರ ಎತ್ತಿ ಕೊಟ್ಟ ಮಾತು ತಪ್ಪಿದರೆ ಮನೆತನಕ್ಕೇ ಕೇಡೆಂದು ನಂಬಿ ಬೆಳೆದವನು ಮನೋಹರ.

ಸಂಜೆ ವಿಷಯ ತೆಗೆದದ್ದೇ ತಡ, ಮನೋಹರ ತಾಟು ನೂಕಿ ಎದ್ದ.

"ಮಲ್ಲಯ್ಯನ ಮುಂದ ಮಾತು ಕೊಟ್ಟೀನಿ. ನಿನಗ ತಲಿ ನೆಟ್ಟಗದ ಏನು?"

"ಪರೀಕ್ಷಾ ಬರಿಯೋರು ಮಲ್ಲಯ್ಯನೋ ನನ್ನ ಮಗಳೋ?"

"ನೀ ಏಳನೇತ್ತ ಓದಿದಾಕಿ. ನಿನಗೇನು ತಿಳೀತದ ಪುಸ್ತಕ ಹೊಸಾದೋ ಹಳೇದೋ?"

"ನನಗ ತಿಳಿಯಂಗಿಲ್ಲ. ಓದೋಕಿಗಿ ತಿಳೀತದಲ್ಲ! ನೀವರ ಆಕಿ ಕಡಿ ಒಮ್ಮಿ ತಿರುಗಿ ನೋಡ್ರಿ!"

ನೋಡಲಿಲ್ಲ. ಆಯ್ತವಾರ ಹೋಗಿ ಹೆಸರು ಹಚ್ಚುವುದೇ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದ.

ಆಯ್ತವಾರ ಮೂವರೂ ಹೋದರು. ಕ್ಲಾಸಿನ ಕೋಣೆಯಲ್ಲಿ ಮಲ್ಲಯ್ಯನ ದೊಡ್ಡ ಫೋಟೋ, ಅದರ ಮುಂದೆ ಹಿತ್ತಾಳೆ ತಾಟಿನ ತುಂಬ ಭಂಡಾರ. ಹೊಸದಾಗಿ ಸೇರುವ ಹುಡುಗರ ಹಣೆಗೆ ಧರ್ಮರಾಜ ತಾನೇ ಹಚ್ಚುತ್ತಿದ್ದ. ಊರ ಕಡೆಯ ಇನ್ನೂ ಒಂದೆರಡು ಮನೆಯವರು ಕೂತಿದ್ದರು. ಭಾವನೆದುರು ಸೊಸೆಯಂದಿರು ಬಾಯಿ ಬಿಡುವ ವಾಡಿಕೆ ಇಲ್ಲ. ಸುಮಂಗಲಾ ಸೆರಗು ಹೊದ್ದು ಬಾಗಿಲ ಬಳಿ ನಿಂತಳು.

"ಬಾ ತಂಗಿ, ನಿನ್ನ ಹಣೀಗಿ ಹಚ್ತೀನಿ," ಎಂದು ಧರ್ಮರಾಜ ತ್ರಿವೇಣಿಯನ್ನು ಕರೆದ. ಅವಳು ಕದಲಲಿಲ್ಲ. ಮನೋಹರ ಅವಳ ಭುಜ ಹಿಡಿದು ಮುಂದೆ ನೂಕಿದ. ಹುಡುಗಿಯ ಕಣ್ಣು ತುಂಬಿ ಬಂತು.

ಅಷ್ಟೇ. ಸುಮಂಗಲಾ ನಡುವೆ ಬಂದು ನಿಂತಳು.

"ಭಾವಾರ, ಪುಸ್ತಕ ಹಳೇವು ಅಂತಾಳ ನನ್ನ ಮಗಳು."

ಧರ್ಮರಾಜ ಅವಳಿಗಲ್ಲ, ಮನೋಹರನಿಗೆ ಉತ್ತರ ಕೊಟ್ಟ. "ಏನಪ್ಪಾ, ಹೆಣ್ಮಕ್ಕಳಿಗಿ ಮಾತು ಭಾಳ ಕಲಿಸೀದಿ? ಫಿಜಿಕ್ಸ್ ವರ್ಷಕ್ಕೊಮ್ಮಿ ಬದಲಾಗ್ತದೇನು? ನ್ಯೂಟನ್ ಮತ್ತೊಮ್ಮಿ ಹುಟ್ಟಿ ಬರ್ತಾನೇನು?" ಕೂತವರು ನಕ್ಕರು. ಮನೋಹರ ಹಲ್ಲು ಕಚ್ಚಿ, "ಹೊರಗ ನಡಿ," ಎಂದ.

ಸುಮಂಗಲಾ ನಡೆಯಲಿಲ್ಲ. ಹಿತ್ತಾಳೆ ತಾಟನ್ನೇ ಎತ್ತಿ ತಂದು ಧರ್ಮರಾಜನ ಮುಂದೆ ಹಿಡಿದಳು. ಸೆರಗು ತಲೆಯಿಂದ ಜಾರಿತು, ಜಾರಲಿ.

"ನಾ ಮತ್ತೇನೂ ಕೇಳಂಗಿಲ್ರಿ. ನಿಮ್ಮ ಋಷಿ ಇದೇ ಪುಸ್ತಕ ಓದ್ತಾನ ಅಂತ ಭಂಡಾರ ಎತ್ತಿ ಹೇಳ್ರಿ. ಈಗಿಂದೀಗ ನನ್ನ ಮಗಳನ್ನ ಇಲ್ಲೇ ಬಿಟ್ಟು ಹೋಗ್ತೀನಿ."

ಕೋಣೆಯಲ್ಲಿ ನಗು ನಿಂತಿತು. ಧರ್ಮರಾಜ ತಾಟು ನೋಡಿದ, ಮಲ್ಲಯ್ಯನ ಫೋಟೋ ನೋಡಿದ. ಕೈ ಮಾತ್ರ ಮೇಲೇಳಲಿಲ್ಲ.

"ಎತ್ತು ಅಣ್ಣ," ಎಂದ ಮನೋಹರ. ಪಾಪ, ಅಣ್ಣ ಎತ್ತಿಯೇ ಎತ್ತುತ್ತಾನೆಂಬ ನಂಬಿಕೆ ಅವನಿಗೆ. "ಎತ್ತಿ ಈಕಿ ಬಾಯಿ ಮುಚ್ಚಸು."

"ಹಂಗೆಲ್ಲಾ... ಮಕ್ಕಳ ಮ್ಯಾಲ ಆಣಿ ಮಾಡಬಾರದಪ್ಪ."

"ನನ್ನ ಮಗಳ ಮ್ಯಾಲ ಮಾಡಿಸ್ಕೊಂಡ್ರಲ್ಲ!" ಸುಮಂಗಲಾ ಚೀರಿದಳು. "ಗುಡ್ಡದ ಮ್ಯಾಲ ಕೈ ಹಿಡಿದು ಮಾಡಿಸ್ಕೊಂಡ್ರಲ್ಲ! ಆಕಿ ಯಾರ ಮಗಳು? ದಾರ್ಯಾಗ ಬಿದ್ದಿದ್ದಳೇನು?"

ಮೂಲೆಯಲ್ಲಿ ಕೂತಿದ್ದ ಒಂದು ಮನೆಯವರು ಮಗನ ಕೈ ಹಿಡಿದು ಮೆಲ್ಲಗೆ ಎದ್ದರು.

ಮನೋಹರ ಅಣ್ಣನ ಮುಖ ನೋಡಿದ. ಆಮೇಲೆ ತಾಟಿನಿಂದ ಒಂದು ಹಿಡಿ ಭಂಡಾರ ತೆಗೆದು, ಧರ್ಮರಾಜನ ಅಂಗೈ ಬಿಡಿಸಿ ಅದರಲ್ಲಿ ಸುರಿದ.

"ನಿನ್ನ ಭಂಡಾರ ನಿನಗ ತಿರುಗಿ ಕೊಟ್ಟೀನಿ. ನನ್ನ ಮಾತು ಇಲ್ಲಿಗಿ ತೀರಿತು. ಇನ್ನ ನಿನ್ನ ಮನಿ ಹೊಸ್ತಿಲಾ ತುಳಿಯಂಗಿಲ್ಲ."

ಹೊರಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. "ಮಂದಿ ಮುಂದ ಮನೆತನದ ಮಾನ ಕಳದಿ! ಇನ್ನ ನನ್ನ ಕೂಡ ಮಾತಾಡಬ್ಯಾಡ."

"ಆಡಂಗಿಲ್ಲ ಬಿಡ್ರಿ. ಈಕಿ ಪರೀಕ್ಷಾ ಮುಗಿಯೋತನಕ ನನಗೂ ಪುರಸೊತ್ತಿಲ್ಲ."

ಮನೋಹರ ಸಿಟ್ಟಿನಿಂದ ಬೈಕಿಗೆ ಕಿಕ್ ಹೊಡೆದ. ಮಗಳ ಕಡೆ ನೋಡಿದ. ಇಷ್ಟು ದಿನದಲ್ಲಿ ಅವನು ಅವಳ ಕಡೆ ತಿರುಗಿ ನೋಡಿದ್ದು ಅದೇ ಮೊದಲು.

"ಡಾಂಗೆ ಚೌಕದ್ದು ಆಯ್ತವಾರ ತೆಗೆದಿರ್ತದೇನು?"

"ಹೌದಪ್ಪ," ಎಂದಳು ತ್ರಿವೇಣಿ, ಮೂಗು ಒರೆಸಿಕೊಳ್ಳುತ್ತ.

ಮೂವರೂ ಒಂದೇ ಬೈಕಿನ ಮೇಲೆ ಹೊರಟರು. ಹಿಂದೆ ಕೂತ ಸುಮಂಗಲಾ ಗಂಡನ ಕಡೆ ನೋಡಲಿಲ್ಲ, ಜಾರಿದ ಸೆರಗನ್ನು ಮತ್ತೆ ತಲೆಗೆ ಎಳೆದುಕೊಳ್ಳಲೂ ಇಲ್ಲ.